ಯಾರೂ ನೆಡದ ಮರಗಳನ್ನು ನೋಡಲು

ಬೆಳಿಗ್ಗೆ ಹಾಲು ಉಕ್ಕಿಸಿಬಿಟ್ಟೆ. ಸ್ಟವ್ ಮುಂದೆಯೇ ನಿಂತಿದ್ದೆ, ಆದರೆ ಕಣ್ಣು ಮೊಬೈಲಿನಲ್ಲಿತ್ತು. ಹಿನ್ನೀರಿನ ದಂಡೆ, ಸುತ್ತ ಕಾಡು, ನಡುವೆ ಮರದ ಹಲಗೆಯ ಪುಟ್ಟ ಮನೆ. ಸೀದ ಹಾಲಿನ ವಾಸನೆ ಮೂಗಿಗೆ ಬಡಿದಾಗ ನೆನಪಾದದ್ದು ಸ್ಟವ್ ಆರಿಸಬೇಕೆಂದಲ್ಲ, ಹೊನ್ನವಳ್ಳಿಯ ಚಿಕ್ಕಮ್ಮ.

ಪ್ರವಾಸದ ಪ್ಲಾನು ಹಾಕುವುದರಲ್ಲಿ ನಾನು ಎತ್ತಿದ ಕೈ. ತಿಪಟೂರಿನ ನಮ್ಮ ಮನೆಯ ಸೋಫಾ ಮೇಲೆ ಕೂತು ನಾನು ಸುತ್ತದ ಕಾಡಿಲ್ಲ. ಯಾವ ತಿಂಗಳು ಜಿಗಣೆ ಕಾಟ, ಎಲ್ಲಿ ಸಿಗ್ನಲ್ ಸಿಗುವುದಿಲ್ಲ, ಎಲ್ಲ ಬಾಯಿಪಾಠ. ಹೊರಡುವ ದಿನ ಬಂದರೆ ಮಾತ್ರ ಯಾರಿಗೋ ಜ್ವರ, ಇಲ್ಲವೇ ಯಾರದೋ ಗೃಹಪ್ರವೇಶ. ನನ್ನ ಗಂಡ ಇದಕ್ಕೆ ಒಗ್ಗಿಹೋಗಿದ್ದಾರೆ. ನಾನು ಅಟ್ಟದಿಂದ ಬ್ಯಾಗು ಇಳಿಸಿದರೆ ಅವರು ತಲೆ ಎತ್ತಿಯೂ ನೋಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಪ್ಲಾನನ್ನು ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ಬಿಚ್ಚಿಟ್ಟೆ. ಲಕ್ಕವಳ್ಳಿ ಕಡೆ, ಭದ್ರಾ ಹಿನ್ನೀರಿನ ಪಕ್ಕದ ಕಾಡಿನಲ್ಲಿ ಒಂದು ರಾತ್ರಿ. ಅರಸೀಕೆರೆ, ಕಡೂರು, ತರೀಕೆರೆ ದಾಟಿದರೆ ಬಂದೇ ಬಿಟ್ಟಿತು. ಚಿಕ್ಕಪ್ಪ ಫೋಟೋ ನೋಡಿದವರೇ, "ಮನೆ ಮ್ಯಾಲೇ ಮರ ಬಗ್ಗೈತಲ್ಲಮ್ಮ, ಅಡೀಲಿ ಮಲಗೋರಿಗೆ ಬುದ್ಧಿ ಬ್ಯಾಡ್ವಾ?" ಅಂದರು. ನಗಬೇಡಿ. ತೆಂಗಿನ ತೋಟದವರು ಮರದ ಕೆಳಗೆ ಮಂಚ ಹಾಕುವುದಿಲ್ಲ. ನಡೆಯುವಾಗಲೂ ಒಮ್ಮೆ ಕತ್ತೆತ್ತಿ, ಕಾಯಿ ಗರಿ ನೋಡಿಕೊಂಡೇ ಮುಂದಿನ ಹೆಜ್ಜೆ. ಮರ ಅಂದರೆ ನಮಗೆ ನೆರಳಿಗಿಂತ ಮೊದಲು ನಮ್ಮ ತಲೆಯ ಯೋಚನೆ ಬರುತ್ತದೆ.

ಚಿಕ್ಕಮ್ಮ ಕೇಳಿದ್ದೇ ಬೇರೆ. "ಇಷ್ಟೊಂದು ಮರಕ್ಕೆ ನೀರು ಯಾರು ಕಟ್ತಾರೆ?"

"ಯಾರೂ ಕಟ್ಟಲ್ಲ ಚಿಕ್ಕಮ್ಮ."

"ನೆಟ್ಟೋರು?"

"ಯಾರೂ ನೆಟ್ಟಿಲ್ಲ. ತಾವೇ ಹುಟ್ಕೊಂಡಿರೋದು."

ಅವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದರು. ಸಾಲಿಲ್ಲ, ಗುಣಿಯಿಲ್ಲ, ಬೇಲಿಯಿಲ್ಲ, ಬೋರ್‌ವೆಲ್ಲಿನ ಪೈಪಿಲ್ಲ. "ಯಾರೂ ನೆಟ್ಟಿಲ್ವಾ!" ಎಂದು ತಮ್ಮಷ್ಟಕ್ಕೇ ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ ಚಿಕ್ಕ ಹುಡುಗಿಯ ಹಾಗೆ ನನ್ನ ಮೊಣಕೈ ಜಗ್ಗಿ, "ನಾನೂ ಬತ್ತೀನಿ ಕಣೇ" ಅಂದರು.

ಅಡ್ಡ ಬಂದದ್ದು ಕೆಂಪಿ. ಅವರ ಹಸು ಅದು. ಚಿಕ್ಕಮ್ಮನ ಕೈಗಲ್ಲದೆ ಇನ್ಯಾರ ಕೈಗೂ ಹಾಲು ಬಿಡುತ್ತಿರಲಿಲ್ಲ. ಮಗನನ್ನು ಒದ್ದಿತ್ತು, ಸೊಸೆಯ ಬಕೆಟ್ಟು ಉರುಳಿಸಿತ್ತು. ಕರು ಬಿಟ್ಟರೂ ಪೂರ್ತಿ ಖಾಲಿಯಾಗದೆ ಕೆಚ್ಚಲು ಬಾತುಕೊಳ್ಳುವ ಭಯ. ಕೆಂಪಿಯ ತಾಯಿಯದೂ ಇದೇ ಬುದ್ಧಿಯಾಗಿತ್ತಂತೆ. ಹೀಗಾಗಿ ಚಿಕ್ಕಮ್ಮ ದಬ್ಬೇಘಟ್ಟದಲ್ಲಿ ಒಡಹುಟ್ಟಿದ ತಂಗಿಯ ಮದುವೆಗೆ ಹೋದಾಗಲೂ ಸಂಜೆಯ ಬಸ್ಸಿಗೇ ವಾಪಸ್ಸು. ಬಾಣಂತನ ಬಿಟ್ಟರೆ ಆಕೆ ಒಂದು ರಾತ್ರಿಯೂ ಹೊರಗೆ ತಂಗಿದವರಲ್ಲ.

"ನೀವು ಹೋಗ್ಬನ್ನಿ ಬುಡು," ಅಂದರು ಕೊನೆಗೆ. "ಫೋಟೋದಾಗೆ ನೋಡಿದ್ನಲ್ಲ, ಅಷ್ಟೇ ಸಾಕು." ಸಾಕು ಅನ್ನುವ ಮುಖವಾಗಿರಲಿಲ್ಲ ಅದು. ಚಿಕ್ಕಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ನಡೆದರು.

ಚಿಕ್ಕಪ್ಪನನ್ನು ನೀವು ನೋಡಿಲ್ಲ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು. ಊರಿನ ನ್ಯಾಯ ಪಂಚಾಯ್ತಿಗೆ ಅವರನ್ನು ಕರೆಯುತ್ತಾರೆ. ಹೆಂಡತಿಯನ್ನು "ಇವ್ಳೇ" ಅಂದದ್ದು ಬಿಟ್ಟರೆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಒಣಗಿದ ಸೀರೆ ಹಗ್ಗದ ಮೇಲೆ ಮಳೆಗೆ ನೆನೆಯುತ್ತಿದ್ದರೂ ಎತ್ತಿಡುವ ಆಸಾಮಿಯಲ್ಲ.

ಆ ಸಂಜೆ ಹಾಲು ಕರೆಯುವ ಹೊತ್ತಿಗೆ ನಾನು, ಚಿಕ್ಕಮ್ಮ ಬಕೆಟ್ಟು ಹುಡುಕುತ್ತಾ ಕೊಟ್ಟಿಗೆ ಕಡೆ ಹೋದೆವು. ಒಳಗೆ ಯಾರೋ ಹೆಂಗಸು ಕೂತಂತಿತ್ತು. ಇಣುಕಿದರೆ ಚಿಕ್ಕಪ್ಪ! ಚಿಕ್ಕಮ್ಮ ಬೆಳಿಗ್ಗೆ ಬಿಚ್ಚಿ ಹಾಕಿದ್ದ ಸೀರೆಯನ್ನು ಪಂಚೆಯ ಮೇಲೆ ಸುತ್ತಿಕೊಂಡು, ಸೆರಗನ್ನು ತಲೆಯ ಮೇಲೆ ಹೊದ್ದಿದ್ದರು. ಮನೆಯಾಕೆ ಇಲ್ಲದಾಗ ನಮ್ಮ ಕಡೆ ಗಂಡಸರು ಹೀಗೆ ಹಸುವನ್ನು ಯಾಮಾರಿಸುವುದುಂಟು. ಆದರೆ ಅದು ಬೇರೆ ಮನೆಗಳ ಗಂಡಸರು, ಈ ಗಂಡಸಲ್ಲ. ನಗು ಬಂದು ಬಾಯಿ ಮುಚ್ಚಿಕೊಂಡೆ. ಚಿಕ್ಕಮ್ಮ ನನ್ನ ಇನ್ನೊಂದು ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದರು.

ಕೆಂಪಿ ಸೀರೆಯನ್ನು ಮೂಸಿತು, ಮೀಸೆಯನ್ನು ನೋಡಿತು, ಕಾಲು ಎತ್ತಿತು. ಆಗ ಚಿಕ್ಕಪ್ಪ ಬಾಯಿ ಬಿಟ್ಟರು.

"ನಿಂತ್ಕೊಳವ್ವ. ನನ್ ಬಂಗಾರಿ ಅಲ್ವಾ. ಬಿಸ್ಲಾಗೆ ಮೇದು ದಣಿದಿದ್ದೀಯ, ನಂಗೊತ್ತು. ಇನ್ನೊಂದ್ ಚೂರು, ಇನ್ನೊಂದೇ ಚೂರು ಕಣವ್ವ."

ಚಿಕ್ಕಮ್ಮ ದಿನವೂ ಹೇಳುವ ಮಾತುಗಳು ಅವು, ಅದೇ ಎಳೆತದಲ್ಲಿ. ಆ ಗಂಟಲಿನಿಂದ ಅಷ್ಟು ಮೆತ್ತಗಿನ ದನಿ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಬಕೆಟ್ಟಿನ ತಳಕ್ಕೆ ಹಾಲು ಚೊರ್ರನೆ ಬಿತ್ತು.

"ನೋಡ್ದೇನೇ," ಚಿಕ್ಕಮ್ಮ ಪಿಸುಗುಟ್ಟಿದರು. "ನಾನಂದದ್ದೆಲ್ಲ ಕೇಳಿಸ್ಕೊಂಡವ್ರೆ."

ನಾನು ಬೆರಗಾಗಿ ನಿಂತುಬಿಟ್ಟೆ. ಮಳೆ ಬಿಸಿಲೆನ್ನದೆ ಜಗಲಿಯಲ್ಲಿ ಕೂತು ಊರ ಸುದ್ದಿ ಮಾತಾಡುತ್ತಿದ್ದ ಆ ಮನುಷ್ಯನ ಕಿವಿ ಅಷ್ಟು ವರ್ಷವೂ ಕೊಟ್ಟಿಗೆಯಲ್ಲೇ ಇತ್ತು. ನಾವಿಬ್ಬರೂ ಸದ್ದು ಮಾಡದೆ ಅಡಿಗೆಮನೆಗೆ ಹಿಂತಿರುಗಿದೆವು. ಆ ಸೀರೆಯ ವಿಷಯ ಆ ಮನೆಯಲ್ಲಿ ಇವತ್ತಿಗೂ ಯಾರೂ ಎತ್ತಿಲ್ಲ.

ಆ ಸಲ ಮಾತ್ರ ಪ್ಲಾನು ಕೆಡಲಿಲ್ಲ, ಚಿಕ್ಕಮ್ಮನೂ ನಮ್ಮ ಜೊತೆ ಲಕ್ಕವಳ್ಳಿಗೆ ಬಂದರು. ಚಿಕ್ಕಪ್ಪ ಕೆಂಪಿಯ ಜೊತೆ ಉಳಿದರು. ಕಾಡಿನೊಳಗೆ ಇಳಿದ ಕೂಡಲೇ ಚಿಕ್ಕಮ್ಮ ಅಭ್ಯಾಸಬಲದಿಂದ ಮೇಲೆ ನೋಡಿದರು. ಎತ್ತಿದ ಕತ್ತನ್ನು ಇಳಿಸಲೇ ಇಲ್ಲ. ಇಬ್ಬರು ತಬ್ಬಿದರೂ ಕೈ ಸೇರದಂಥ ಬೊಡ್ಡೆಗಳು, ಕೊಂಬೆಯೊಳಗೆ ಕೊಂಬೆ, ಅವುಗಳ ಸಂದಿನಲ್ಲಿ ದೂರಕ್ಕೆ, ಕಣ್ಣು ಸೋಲುವವರೆಗೆ ನೀರು. ಮೊಬೈಲಿನಲ್ಲಿ ಇದನ್ನೆಲ್ಲ ಅರೆದು ಕುಡಿದಿದ್ದ ನಾನೂ ಕತ್ತೆತ್ತಿದವಳು ಹಾಗೇ ನಿಂತೆ. ಅದು ಇಷ್ಟು ದೊಡ್ಡದೆಂದು ಫೋಟೋ ಹೇಳಿರಲಿಲ್ಲ. ಚಿಕ್ಕಮ್ಮ ಒಂದು ಮರದ ಮೈಮೇಲೆ ಅಂಗೈ ಇಟ್ಟು, "ಯಾರನ್ನೂ ಕೇಳ್ದೆ ಬೆಳ್ದವೆ ಕಣೇ," ಅಂದರು. ಅವರ ಕಣ್ಣು ತುಂಬಿತ್ತು. ನನ್ನದೂ.

ನಿನ್ನೆ ಅವರ ಫೋನು. "ಅವ್ರಿಗೂ ತೋರಿಸ್ಬೇಕು ಕಣೇ. ನಾನು ಇಲ್ಲಿರ್ತೀನಿ, ಅವ್ರನ್ನ ಕರ್ಕೊಂಡೋಗು." ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿಸಿತು, "ಇವ್ಳಿಲ್ದೆ ನಾನೊಬ್ನೇ ಹೋಗಿ ಏನ್ ಮಾಡ್ಲಿ?"

ಬೆಳಿಗ್ಗೆಯಿಂದ ನಾನು ಲೆಕ್ಕ ಹಾಕುತ್ತಿದ್ದದ್ದು ನನ್ನನ್ನೂ ಸೇರಿಸಿ ಹಿನ್ನೀರಿನ ದಂಡೆಯ ಯಾವ ಮನೆ ಬುಕ್ ಮಾಡಬೇಕು ಎಂದು. ಈಗ ಅದನ್ನು ಬಿಟ್ಟು ಹೊನ್ನವಳ್ಳಿಗೆ ಫೋನ್ ಮಾಡಿದೆ.

"ಚಿಕ್ಕಮ್ಮ, ನೀವಿಬ್ರೂ ಹೋಗಿ. ಹಾಲು ಕರೆಯೋಕೆ ನಾನು ಬತ್ತೀನಿ. ಕೆಂಪಿಗೆ ಏನೇನು ಹೇಳ್ಬೇಕು ಅಂತ ಚಿಕ್ಕಪ್ಪ ಕಲಿಸ್ಕೊಡ್ಲಿ."

"ಒದೀತದೆ ಕಣೇ," ಅಂದರು ಚಿಕ್ಕಮ್ಮ.

"ಒದೀಲಿ ಬುಡಿ."

ಬುಕಿಂಗ್ ಮುಗಿಸಿದೆ. ನಾನು ಹಾಕಿದ ಪ್ಲಾನುಗಳಲ್ಲಿ ನನ್ನ ಹೆಸರಿಲ್ಲದ್ದು ಇದೊಂದೇ. ಮದುವೆಯಾದ ಮೇಲೆ ಅವರಿಬ್ಬರೂ ಜೊತೆಯಾಗಿ ಮನೆಯಿಂದಾಚೆ ಕಳೆಯುವ ಮೊದಲ ರಾತ್ರಿ ಅದು.