ಏಣಿಯ ಬುಡದ ಪೇಂಟರ್

"ನಾಲ್ಕೇ ಬಣ್ಣ, ಎರಡೇ ಗುಂಡಿ. ಹಳೇ ಕಾಲದ ವಿಡಿಯೋ ಗೇಮ್ ಥರಾನೇ ಇರ್ಬೇಕು" ಎಂದು ಅಕ್ಕನ ಆಫೀಸಿನ ಬಾಸ್ ಅಪ್ಪಣೆ ಕೊಡಿಸಿದ್ದ. ಒಂದು ಗುಂಡಿ ಒತ್ತಿದರೆ ಏಣಿ ಹತ್ತುವ, ಇನ್ನೊಂದು ಒತ್ತಿದರೆ ಗೋಡೆಗೆ ಬಣ್ಣ ಬಳಿಯುವ ಪುಟ್ಟ ಪೇಂಟರನ್ನು ಅಕ್ಕ ಮಾಡಿದಳು. ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದು ಸತ್ತ ನಮ್ಮಣ್ಣನ ಓರೆ ಟೋಪಿಯನ್ನು ಮೂರೇ ಚುಕ್ಕೆಗಳಲ್ಲಿ ಆ ಪುಟ್ಟ ಪೇಂಟರನ ತಲೆಗಿಟ್ಟಳು.

ಅಮ್ಮ ಫೋನಿನಲ್ಲಿ ಆಟ ತೆರೆದಳು, ಗುಂಡಿ ಮುಟ್ಟಲಿಲ್ಲ.

"ಹತ್ತಿದ್ದು ಸಾಕು. ಕೆಳಗೇ ನಿಂತಿರ್ಲಿ ಬಿಡೆ."

ದಿನವೂ ಅವನನ್ನು ಎದುರಿಗಿಟ್ಟುಕೊಂಡೇ ತರಕಾರಿ ಹೆಚ್ಚುತ್ತಿದ್ದಳು.

ಆ ಮಹಾನುಭಾವ ಬಾಸ್ ಸುಮ್ಮನಿರಬೇಕಲ್ಲ! "ನಿಂತೇ ಇದ್ರೆ ಯಾರು ನೋಡ್ತಾರೆ? ಯಾರೂ ಒತ್ತದಿದ್ರೆ ತಾನೇ ಹತ್ಲಿ, ತಾನೇ ಬೀಳ್ಲಿ." ಅಕ್ಕ ಹಲ್ಲುಕಚ್ಚಿಕೊಂಡು ಮಾಡಿಕೊಟ್ಟಳು. ಅಮ್ಮನ ಫೋನಿನಲ್ಲೂ ಆಟ ತಾನಾಗಿ ಬದಲಾಯಿತು.

ಮರುದಿನ ಅಮ್ಮ ಹೆಚ್ಚುತ್ತ ತಲೆಯೆತ್ತಿದಾಗ ಅವನು ಏಣಿಯ ತುದಿಯಲ್ಲಿದ್ದ. ಎರಡೂ ಗುಂಡಿಗಳನ್ನು ಒತ್ತಿ ಒತ್ತಿ ಅಮ್ಮ ಕೂಗಿದಳು: "ಇಳ್ಸೋದು ಯಾವ್ದೇ?"