ಬ್ಯಾಟರಿ ಕೋಣೆಯ ಕಿಂಡಿ

ಆಯುಧಪೂಜೆಯ ಬೆಳಗಿನ ಜಾವ. ಹರಿಹರದಿಂದ ಸೈಕಲ್ ತುಳಿದು ಬಂದ ದುರುಗಣ್ಣ, ಕಡರನಾಯಕನಹಳ್ಳಿಯ ಉಚ್ಚೆಂಗಪ್ಪನವರ ಹಿತ್ತಲಲ್ಲಿ ನಿಂತು ಬ್ಯಾಟರಿ ಕೋಣೆಯ ಗೋಡೆಯನ್ನೇ ದಿಟ್ಟಿಸುತ್ತಿದ್ದಾರೆ. ಸೂರಿನ ಕೆಳಗೆ ತಾವೇ ಕೊರೆದ ಕಿಂಡಿಗೆ ಯಾರೋ ಗೋಣಿಚೀಲ ತುರುಕಿದ್ದಾರೆ. ಪಕ್ಕದಲ್ಲಿ ಕರೆಂಟ್ ಹುಟ್ಟಿಸುವ ಎಂಜಿನ್ ಓಡುತ್ತಿದೆ; ಒಳಗೆ ಬ್ಯಾಟರಿಗಳು ಚಾರ್ಜ್ ಆಗುತ್ತಿವೆ.

ಊರಿಗೆ ಇನ್ನೂ ಕರೆಂಟ್ ಬಂದಿಲ್ಲ. ಈ ಮನೆಯ ದೀಪ, ರೇಡಿಯೊ ನಡೆಯುವುದೆಲ್ಲ ಹಳೆಯ ಕಟ್ಟಿಗೆ ಕೋಣೆಯಲ್ಲಿ ಹಲಗೆಯ ಮೇಲೆ ಸಾಲಾಗಿ ಕೂತ ಬ್ಯಾಟರಿಗಳಿಂದ. ಇಂಥ ನಾಲ್ಕಾರು ಮನೆಗಳ ಬ್ಯಾಟರಿ ನೋಡಿಕೊಳ್ಳುವುದೇ ದುರುಗಣ್ಣನವರ ಕಸುಬು. ಕಲಿತದ್ದು ದಾವಣಗೆರೆಯ ಚಾರ್ಜಿಂಗ್ ಅಂಗಡಿಯೊಂದರಲ್ಲಿ. ಅಲ್ಲಿ ಯಾರೋ ಬೀಡಿ ಹಚ್ಚಿದಾಗ ಬ್ಯಾಟರಿ ಸಿಡಿದು ಎಡಗಿವಿ ಮಂದವಾಯಿತು. ಅಂದಿನಿಂದ ಮುಚ್ಚಿದ ಕೋಣೆ ಎಂದರೆ ಅವರಿಗೆ ಅನುಮಾನ.

ಉಚ್ಚೆಂಗಪ್ಪನವರ ತಾಯಿ ಕೊಟ್ರವ್ವನಿಗೆ ದುರುಗಣ್ಣನ ಮೇಲೆಯೇ ಅನುಮಾನ.

"ನಾನೇ ಮುಚ್ಚೀನಿ. ಕಳ್ಳರಿಗೆ ದಾರಿ ಮಾಡಿಟ್ಟೀಯೇನು?"

"ಅದರಾಗ ಬೆಕ್ಕೂ ತೂರಂಗಿಲ್ಲವ್ವ. ನನ್ನ ಹೊಟ್ಟೆ ನೋಡ್ರಿ!"

"ಹೊಟ್ಟೆ ಯಾಕ ತೂರಬೇಕು? ಕೊಕ್ಕೆ ತೂರಿದ್ರೆ ಸಾಕು. ಹೋದ ವಾರ ಇದೇ ಕೋಣ್ಯಾಗಿದ್ದ ನನ್ನ ತಂಬಿಗೆ ಹೆಂಗೆ ಹೋತು?"

ದುರುಗಣ್ಣನವರ ಮುಖ ಸಣ್ಣಗಾಗುತ್ತದೆ. ಈ ಮಾತು ಹಬ್ಬಿದರೆ ಯಾವ ಮನೆಯವರೂ ಅವರನ್ನು ಒಳಗೆ ಬಿಡುವುದಿಲ್ಲ. ಅಷ್ಟರಲ್ಲಿ ಕೊಟ್ರವ್ವನ ಕೈಯಲ್ಲಿದ್ದ ಆರತಿ ತಟ್ಟೆ ಕಣ್ಣಿಗೆ ಬೀಳುತ್ತದೆ: ಕರ್ಪೂರ, ಬೆಂಕಿಪೊಟ್ಟಣ. ಬ್ಯಾಟರಿಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವು ಆಗಲೇ ಏರಿವೆ, ಬೆಳಗುವುದೊಂದು ಬಾಕಿ.

ದುರುಗಣ್ಣ ಓಡಿಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

"ಕಡ್ಡಿ ಗೀರಬ್ಯಾಡ್ರಿ! ಚಾರ್ಜ್ ಆಗುವಾಗ ಇವು ಗ್ಯಾಸ್ ಬಿಡ್ತಾವೆ. ಹಗೂರ ಗ್ಯಾಸು, ಮ್ಯಾಲಕ್ಕೇರಿ ಸೂರಿಗೆ ನಿಂತೈತೆ. ಕಿಂಡಿ ಮುಚ್ಚಿದ್ರೆ ಎತ್ತಾಗ ಹೋಗ್ಬೇಕು ಅದು? ಕಿಡಿ ಸಿಕ್ರೆ ಗ್ವಾಡೆನೂ ಇರಂಗಿಲ್ಲ."

"ಆರತಿ ಇಲ್ಲದ ಪೂಜೆ ಯಾವ ಸೀಮೆದೋ? ನಮ್ಮನ್ನ ಹೊರಗಿಟ್ಟು ನೀನೊಬ್ಬನೇ ಒಳಗ ಏನ್ ಮಾಡಬೇಕಂತ?"

"ನಾನೂ ಒಳಗ ಹೋಗಂಗಿಲ್ರಿ. ಇಲ್ಲೇ ಕೂಡ್ತೀನಿ. ನೀವು ನನ್ನ ಕೈ ನೋಡ್ಕಂತ ಕೂಡ್ರಿ."

ಎಂಜಿನ್ ನಿಲ್ಲಿಸಿ, ಬಾಗಿಲು ಪೂರ್ತಿ ತೆರೆದು, ಏಣಿ ಹತ್ತಿ ಗೋಣಿಚೀಲ ಕಿತ್ತೆಸೆಯುತ್ತಾರೆ. ಆಮೇಲೆ ಒಗೆಯುವ ಕಲ್ಲಿನ ಮೇಲೆ, ಆಸಿಡ್ ತಿಂದ ಅಂಗೈಗಳನ್ನು ಮೊಣಕಾಲ ಮೇಲೆ ಚಾಚಿ ಕೂರುತ್ತಾರೆ. ಕೊಟ್ರವ್ವ ಗೊಣಗುತ್ತಲೇ ಹಿತ್ತಲಿನ ಆಚೆ ತುದಿಗೆ ಹೋಗಿ, ಅಲ್ಲಿಂದಲೇ ಬ್ಯಾಟರಿಗಳಿಗೆ ಆರತಿ ಬೆಳಗುತ್ತಾರೆ. ಕಣ್ಣು ಮಾತ್ರ ದುರುಗಣ್ಣನ ಮೇಲೆ.

"ತಂಬಿಗೆ ಸಿಗಲಿಲ್ಲಂದ್ರೆ ನೀನೇ ಕಳ್ಳ. ಊರಿಗೆಲ್ಲ ಹೇಳ್ತೀನಿ."

ದುರುಗಣ್ಣ ತಮ್ಮ ಕೈಗಳನ್ನೊಮ್ಮೆ ನೋಡಿಕೊಳ್ಳುತ್ತಾರೆ.

"ಹೇಳ್ರವ್ವ. ಕಿಂಡಿ ಒಂದು ಮುಚ್ಚಬ್ಯಾಡ್ರಿ."