ಸಹಿಯಲ್ಲಿ ಮಾತ್ರ ಬಂದಿದ್ದ ನೀರು

ಪಟ್ಟಣ ಪಂಚಾಯಿತಿಗೆ ನಾನು ಆರಿಸಿ ಬಂದದ್ದು ಮಹಿಳಾ ಮೀಸಲಾತಿಯಲ್ಲಿ. ಹೆಸರು ನನ್ನದು, ಓಡಾಟ ಯಜಮಾನರದು. ಜನ ಅವರನ್ನೇ ಮೆಂಬರ್ ಸಾಹೇಬರು ಎನ್ನುತ್ತಿದ್ದರು. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತು ಅವರು ಅಹವಾಲು ಕೇಳುತ್ತಿದ್ದರು. ಮನೆಗೆ ತಂದ ಕಾಗದಗಳಿಗೆ ನಾನು ಸಹಿ ಹಾಕುತ್ತಿದ್ದೆ. ಬೇವೂರಿನಲ್ಲಿ ಹತ್ತನೆಯ ತರಗತಿ ಮುಗಿಸಿದವಳು ನಾನು. ಓದಲು ಬರುತ್ತಿತ್ತು, ಓದುತ್ತಿರಲಿಲ್ಲ, ಅಷ್ಟೆ.

ಎರಡನೆಯ ವರ್ಷ, ಸದಸ್ಯರು ಜನರನ್ನು ಭೇಟಿಯಾಗಲೆಂದು ಸರ್ಕಾರದ ನೆರವಿನಲ್ಲಿ ವಾರ್ಡಿಗೊಂದು ಕಚೇರಿ ಸಿಕ್ಕಿತು. ನಮಗೆ ಬಂದದ್ದು ಹಳೆಯ ಅಂಗನವಾಡಿಯ ಕೋಣೆ. ಮೇಜು, ಆರು ಕುರ್ಚಿ, ವಾರ್ಡಿನ ಕಾಗದಗಳ ನಕಲು ತುಂಬಿದ ಒಂದು ಕಪಾಟು. ಪ್ರತಿ ಸೋಮವಾರ ಸದಸ್ಯರೇ ಖುದ್ದಾಗಿ ಕೂರಬೇಕೆಂದು ಆದೇಶವಿತ್ತು. ಮೊದಲ ಸೋಮವಾರ ಯಜಮಾನರು ಮದುವೆಗೆಂದು ಕನಕಗಿರಿಗೆ ಹೋಗಿದ್ದರು. ನಾನೊಬ್ಬಳೇ ಹೋಗಿ ಕೂತೆ.

ಮೊದಲು ಬಂದವರು ಹಿಂದಿನ ಓಣಿಯ ಒಬ್ಬ ಅಜ್ಜಿ. ಆ ಓಣಿಗೂ ನಮ್ಮ ಹಿತ್ತಲಿಗೂ ನಡುವೆ ಒಂದೇ ಗೋಡೆ. ಓಣಿಗೆ ನಳವಿಲ್ಲ, ಮಂದಿಯ ಮನೆಯಿಂದ ಕೊಡ ಹೊರುತ್ತೇವೆ ಎಂದರು. ಅಲ್ಲಿ ಪೈಪ್ ಹಾಕಿದ್ದಾರೆಂದು ಯಜಮಾನರು ಹೇಳಿದ್ದರಲ್ಲ ಎಂದೆ ನಾನು.

"ಎಲ್ಲಿ ಹಾಕ್ಯಾರವ್ವ? ಮೂರು ಸಲ ನಿಮ್ಮ ಮನಿಗೆ ಬಂದೀನಿ. ಆಕಿ ಯಾರ ಜೋಡೀನೂ ಮಾತಾಡಂಗಿಲ್ಲ ಅಂತ ನಿಮ್ಮ ಯಜಮಾನ್ರು ಬಾಗಲದಾಗಿಂದ ಕಳಿಸ್ಯಾರ."

ಅವರು ಬಂದದ್ದೇ ನನಗೆ ತಿಳಿದಿರಲಿಲ್ಲ. ಕಪಾಟು ತೆಗೆದು ಹುಡುಕಿದೆ. ಕಾಗದ ಸಿಕ್ಕಿತು: ಹಿಂದಿನ ಓಣಿಯ ಪೈಪ್ ಕೆಲಸ ಮುಗಿದಿದೆ, ಖುದ್ದಾಗಿ ನೋಡಿದ್ದೇನೆ. ಕೆಳಗೆ ನನ್ನದೇ ಸಹಿ, ಗುಂಡಗೆ, ಸ್ಫುಟವಾಗಿ. ಅದರಲ್ಲಿ ಏನಿದೆ ಎಂದು ಅಜ್ಜಿ ಕೇಳಿದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಓದಿ ಹೇಳಿದೆ.

ಅವರು ಬೈಯಲಿಲ್ಲ. ನನ್ನ ಮುಖ ನೋಡಿ, "ಹಂಗಾರ ಇದನ್ನ ನೀನ ಬರಕೊಟ್ಟಿಯೇನವ್ವ?" ಎಂದರು.

ಅವರ ಜೊತೆ ಎದ್ದು ಹೋಗಿ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ನೆಲವನ್ನು ಅಗೆದ ಗುರುತೂ ಇರಲಿಲ್ಲ. ಅದೇ ದಿನ ಮುಖ್ಯಾಧಿಕಾರಿಗೆ, ನೋಡದೆ ಸಹಿ ಹಾಕಿದ್ದೆ, ಕೆಲಸ ಆಗಿಲ್ಲ ಎಂದು ನನ್ನ ಕೈಯಾರೆ ಬರೆದುಕೊಟ್ಟೆ.

ಊರಿಂದ ಮರಳಿದ ಯಜಮಾನರು, ಮಂದಿಯ ಮುಂದೆ ಮಾನ ಕಳೆದೆ ಎಂದು ಕೂಗಾಡಿದರು. ನೀವಾದರೂ ಹೋಗಿ ನೋಡಿದ್ದಿರಾ ಎಂದು ಕೇಳಿದೆ. ಗುತ್ತಿಗೆದಾರ ಮುಗಿದಿದೆ ಅಂದಿದ್ದನಂತೆ. ಇವರು ನಂಬಿದ್ದರಂತೆ. ಎಂಟು ದಿನ ಮನೆಯಲ್ಲಿ ಮಾತಿರಲಿಲ್ಲ.

ನಾಲ್ಕು ತಿಂಗಳಿಗೆ ಓಣಿಗೆ ನೀರು ಬಂತು. ಆ ಅಜ್ಜಿ ದಾರಿಯಲ್ಲಿ ಸಿಕ್ಕರೆ ಈಗಲೂ ಮಾತಾಡಿಸುತ್ತಾರೆ. ನನ್ನ ಸಹಿ ಬೇಕಾದ ಕೆಲಸವಿದ್ದರೂ ಕಚೇರಿಗೆ ಮಾತ್ರ ಮತ್ತೆಂದೂ ಬರಲಿಲ್ಲ.